ವಾಷಿಂಗ್ ಮೆಷಿನ್ ಚಿಪ್ ಕಿತ್ತು ಕ್ಷಿಪಣಿ ಮಾಡುತ್ತಾರಾ? ನಿಷೇಧವಿದ್ದರೂ ವಿದೇಶಿ ಬಿಡಿಭಾಗಗಳು ಶಸ್ತ್ರಾಸ್ತ್ರ ಸೇರುವುದು ಹೀಗೆ

"ರಷ್ಯಾದ ಹತ್ತಿರ ಚಿಪ್ ಖಾಲಿಯಾಗಿದೆ. ಫ್ರಿಜ್, ವಾಷಿಂಗ್ ಮೆಷಿನ್ ಬಿಚ್ಚಿ ಚಿಪ್ ತೆಗೆದು ಕ್ಷಿಪಣಿಗೆ ಹಾಕುತ್ತಿದ್ದಾರೆ." ಉಕ್ರೇನ್ ಯುದ್ಧ ಶುರುವಾದಾಗಿನಿಂದ ಈ ಮಾತನ್ನು ನೀವು ಎಲ್ಲಾದರೂ ಓದಿರುತ್ತೀರಿ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಮಾತೂ ಇದೆ: "ನಿರ್ಬಂಧ ಎಲ್ಲ ಬರೀ ನಾಟಕ. ಅಮೆರಿಕದ ಕಂಪನಿಗಳೇ ಗುಟ್ಟಾಗಿ ರಷ್ಯಾಕ್ಕೆ ಚಿಪ್ ಮಾರುತ್ತಿವೆ."

ಎರಡೂ ಕೇಳಲು ರೋಚಕವಾಗಿವೆ, ಸುಲಭವಾಗಿ ಫಾರ್ವರ್ಡ್ ಆಗುತ್ತವೆ. ಆದರೆ ಕ್ಷಿಪಣಿ, ಡ್ರೋನ್‌ಗಳ ಅವಶೇಷಗಳನ್ನು ಬಿಚ್ಚಿ ನೋಡಿದವರು ಹೇಳುವ ಕತೆ ಬೇರೆ.

ಚಿಕ್ಕ ಉತ್ತರ ಬೇಕಿದ್ದರೆ ಇಷ್ಟು: ಕ್ಷಿಪಣಿಗಳಲ್ಲಿ ಅಮೆರಿಕ, ಯುರೋಪ್, ಜಪಾನ್ ಕಂಪನಿಗಳ ಚಿಪ್‌ಗಳು ಇರುವುದು ನಿಜ. ಅವುಗಳ ಬಹುಪಾಲು ವಾಷಿಂಗ್ ಮೆಷಿನ್‌ನಿಂದ ಬಂದದ್ದಲ್ಲ, ಮಾಮೂಲಿ ವ್ಯಾಪಾರದ ದಾರಿಯಲ್ಲೇ ಬಿಲ್, ಇನ್‌ವಾಯ್ಸ್ ಸಮೇತ ಬಂದದ್ದು. ಕೈಯಿಂದ ಕೈಗೆ ದಾಟುವಾಗ "ಕೊನೆಗೆ ಇದನ್ನು ಬಳಸುವವರು ಯಾರು?" ಎಂದು ಕೇಳದೇ ಹೋದದ್ದೇ ಇಲ್ಲಿರುವ ದೊಡ್ಡ ತೂತು. ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ವಾಷಿಂಗ್ ಮೆಷಿನ್ ಮಾತು ಬಂದದ್ದೆಲ್ಲಿಂದ?

ಇದು ಯಾರೋ ವಾಟ್ಸಾಪ್‌ನಲ್ಲಿ ಹುಟ್ಟಿಸಿದ್ದಲ್ಲ. 2022ರ ಮೇ ತಿಂಗಳಲ್ಲಿ ಆಗಿನ ಅಮೆರಿಕದ ವಾಣಿಜ್ಯ ಸಚಿವೆ ಜಿನಾ ರೈಮಾಂಡೊ ಅಲ್ಲಿನ ಸೆನೆಟ್ ಮುಂದೆ ಇದನ್ನು ಹೇಳಿದರು. ರಷ್ಯಾದ ಯುದ್ಧ ಸಲಕರಣೆಗಳಲ್ಲಿ ಡಿಶ್‌ವಾಷರ್ ಮತ್ತು ಫ್ರಿಜ್‌ನ ಚಿಪ್‌ಗಳು ಸಿಕ್ಕಿವೆ ಎಂದು ಉಕ್ರೇನಿನವರು ತಮಗೆ ತಿಳಿಸಿದ್ದಾಗಿ ಅವರು ಹೇಳಿದ್ದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಯುರೋಪಿಯನ್ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೇಯನ್ ಕೂಡ ತಮ್ಮ ಭಾಷಣದಲ್ಲಿ ಇದೇ ಅರ್ಥದ ಮಾತಾಡಿದರು. ಅಲ್ಲಿಂದ ಅದು ಜಗತ್ತಿನ ತುಂಬ ಹರಡಿತು.

ಇದರಲ್ಲಿ ಒಂದು ಎಳೆ ಸತ್ಯ ಇದೆ. ವಾಷಿಂಗ್ ಮೆಷಿನ್, ಕಾರು, ಆಟಿಕೆ, ಮೊಬೈಲ್ ಇವುಗಳಲ್ಲಿರುವ ಜಾತಿಯ ಚಿಪ್‌ಗಳೇ ಕ್ಷಿಪಣಿಯಲ್ಲೂ ಇರುತ್ತವೆ. ವಿದ್ಯುತ್ ಏರಿಳಿತ ಸರಿಪಡಿಸುವ ಚಿಪ್, ಚಿಕ್ಕ ಲೆಕ್ಕ ಮಾಡುವ ಮೈಕ್ರೋಕಂಟ್ರೋಲರ್, ಮೆಮೊರಿ, ಇಂಥವು.

ಆದರೆ ಮೆಷಿನ್ ಬಿಚ್ಚಿ ಚಿಪ್ ಕಿತ್ತು ಕ್ಷಿಪಣಿಗೆ ಹಾಕುವುದು ಲಾಭದ ಕೆಲಸವಲ್ಲ. ಒಂದು ಸರ್ಕ್ಯೂಟ್ ಬೋರ್ಡನ್ನು ನಿರ್ದಿಷ್ಟ ಮಾದರಿಯ ಚಿಪ್‌ಗಾಗಿಯೇ ವಿನ್ಯಾಸ ಮಾಡಿರುತ್ತಾರೆ. ಕಾಲುಗಳ ಸಂಖ್ಯೆ, ವೋಲ್ಟೇಜ್, ಪ್ರೋಗ್ರಾಂ ಎಲ್ಲ ಹೊಂದಬೇಕು. ಕೈಗೆ ಸಿಕ್ಕ ಚಿಪ್ ಕೂರಿಸಲು ಆಗದು. ಕ್ಷಿಪಣಿಯ ದಿಕ್ಕು ನಿರ್ಧರಿಸಲು ಬೇಕಾದ ವೇಗದ ಚಿಪ್‌ಗಳು ವಾಷಿಂಗ್ ಮೆಷಿನ್‌ನಲ್ಲಿ ಇರುವುದೇ ಇಲ್ಲ. ಇರುವ ಸಾದಾ ಚಿಪ್‌ಗಳೋ ಹೊಸದಾಗಿ ಕೊಂಡರೂ ಅಗ್ಗ. ಹಾಗಿರುವಾಗ ಸಾವಿರಾರು ರೂಪಾಯಿಯ ಮೆಷಿನ್ ಯಾರು ಒಡೆಯುತ್ತಾರೆ?

ಅವಶೇಷಗಳ ಒಳಗೆ ಸಿಕ್ಕಿದ್ದೇನು?

ಲಂಡನ್ನಿನ ರಕ್ಷಣಾ ಅಧ್ಯಯನ ಸಂಸ್ಥೆ 'ರುಸಿ' 2022ರ ಆಗಸ್ಟ್‌ನಲ್ಲಿ ಒಂದು ವರದಿ ಹೊರತಂದಿತು. ರಷ್ಯಾದ 27 ಬಗೆಯ ಯುದ್ಧ ಸಲಕರಣೆಗಳನ್ನು ಪರಿಶೀಲಿಸಿದಾಗ ಹೊರದೇಶಗಳಲ್ಲಿ ತಯಾರಾದ ಕನಿಷ್ಠ 450 ಬಗೆಯ ಬಿಡಿಭಾಗಗಳು ಸಿಕ್ಕಿದ್ದವು. ಹೆಚ್ಚಿನವು ಅಮೆರಿಕದ ಕಂಪನಿಗಳವು. ಆಮೇಲೆ ಕೀವ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು ಹೀಗೆ ಸಿಕ್ಕ ಸುಮಾರು 2,800 ವಿದೇಶಿ ಭಾಗಗಳ ಪಟ್ಟಿಯನ್ನು ಪರಿಶೀಲಿಸಿದರು. ಅವುಗಳಲ್ಲಿ ಸುಮಾರು ಶೇ 95ರಷ್ಟು ರಷ್ಯಾದ ಮೇಲೆ ನಿರ್ಬಂಧ ಹಾಕಿರುವ ದೇಶಗಳ ಕಂಪನಿಗಳದ್ದೇ ಆಗಿದ್ದವು.

ಒಂದೆರಡು ಉದಾಹರಣೆ ನೋಡಿ.

ಓರ್ಲಾನ್-10 ಎಂಬುದು ರಷ್ಯಾ ಸೇನೆಯ ಕಣ್ಣು. ಆಕಾಶದಲ್ಲಿ ಸುತ್ತುತ್ತ ಫಿರಂಗಿಗೆ ಗುರಿ ತೋರಿಸುವ ಡ್ರೋನ್ ಇದು. ಬಿಚ್ಚಿ ನೋಡಿದರೆ ಜಪಾನಿನ ಸೈಟೊ ಎಂಜಿನ್ ಸಿಕ್ಕಿತು. ಹವ್ಯಾಸಿಗಳು ಹಾರಿಸುವ ಆಟಿಕೆ ವಿಮಾನಗಳಿಗೆಂದು ತಯಾರಾಗುವ ಎಂಜಿನ್ ಅದು. ಹೊಟ್ಟೆಯಲ್ಲಿ ಅಂಗಡಿಯಲ್ಲಿ ಸಿಗುವ ಕ್ಯಾನನ್ ಕ್ಯಾಮೆರಾ ಇತ್ತು. ಮದುವೆ ಫೋಟೋಗ್ರಾಫರ್ ಕೈಯಲ್ಲಿ ಇರುವಂಥದ್ದೇ.

ರಾತ್ರಿ ಹೊತ್ತು ಉಕ್ರೇನ್ ನಗರಗಳ ಮೇಲೆ ಗುಂಪಾಗಿ ಬರುವ ಶಾಹೆದ್-136 ಡ್ರೋನ್ ಇರಾನ್ ವಿನ್ಯಾಸದ್ದು. ರಷ್ಯಾ ಇದನ್ನು 'ಗೆರಾನ್-2' ಎಂಬ ಹೆಸರಿನಲ್ಲಿ ತನ್ನ ಟಾಟರ್‌ಸ್ತಾನ್ ಪ್ರಾಂತ್ಯದ ಅಲಬುಗಾದಲ್ಲಿ ತಯಾರಿಸುತ್ತಿದೆ. ಇದರ ಎಂಜಿನ್ ಜರ್ಮನಿಯ ಲಿಂಬಾಕ್ ಎಂಜಿನ್‌ನ ನಕಲು. ಒಳಗಿನ ಚಿಪ್‌ಗಳಲ್ಲಿ ಅಮೆರಿಕ ಮತ್ತು ಯುರೋಪ್ ಕಂಪನಿಗಳ ಹೆಸರಿನವು ಬಹಳ ಇವೆ.

ಕೆಎಚ್-101 ವಿಮಾನದಿಂದ ಹಾರಿಸುವ ದೂರಗಾಮಿ ಕ್ರೂಸ್ ಕ್ಷಿಪಣಿ. 2024ರ ಜುಲೈ 8ರಂದು ಕೀವ್‌ನ ಓಖ್ಮತ್‌ದಿತ್ ಮಕ್ಕಳ ಆಸ್ಪತ್ರೆಗೆ ಬಡಿದದ್ದು ಇದೇ ಕ್ಷಿಪಣಿ ಎಂದು ಉಕ್ರೇನ್ ತನಿಖಾಧಿಕಾರಿಗಳು ಹೇಳಿದರು. ರಷ್ಯಾ ಇದನ್ನು ಅಲ್ಲಗಳೆಯಿತು. ಅದು ರಷ್ಯಾ ಹಾರಿಸಿದ ಕ್ಷಿಪಣಿಯ ನೇರ ಹೊಡೆತ ಆಗಿರುವ ಸಾಧ್ಯತೆಯೇ ಹೆಚ್ಚು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕು ತಂಡ ಹೇಳಿತು. ದೇಶದ ಅತಿ ದೊಡ್ಡ ಮಕ್ಕಳ ಆಸ್ಪತ್ರೆ ಅದು. ಈ ಕ್ಷಿಪಣಿಯ ಅವಶೇಷಗಳಲ್ಲಿ ಪಾಶ್ಚಾತ್ಯ ಕಂಪನಿಗಳ ಚಿಪ್‌ಗಳು ಮತ್ತೆ ಮತ್ತೆ ಸಿಕ್ಕಿವೆ. ಬಿಡಿಭಾಗದ ಪ್ರಶ್ನೆ ಬರೀ ವ್ಯಾಪಾರದ ಪ್ರಶ್ನೆ ಆಗಿ ಉಳಿಯದಿರುವುದು ಇದಕ್ಕೇ.

ಹಳೇ ದಾಸ್ತಾನು ಇರಬಹುದಲ್ಲ?

ಒಳ್ಳೆಯ ಪ್ರಶ್ನೆ. ಯುದ್ಧಕ್ಕೆ ಮುಂಚೆಯೇ ಕೊಂಡಿಟ್ಟಿದ್ದ ಚಿಪ್ ಆಗಿದ್ದರೆ ನಿರ್ಬಂಧ ಮುರಿದರು ಎನ್ನಲಾಗದು. ಆರಂಭದಲ್ಲಿ ಸಿಕ್ಕ ಎಷ್ಟೋ ಭಾಗಗಳು ಹಾಗೆ ಹಳೆಯವೇ ಆಗಿದ್ದವು.

ಗುರುತು ಹಿಡಿಯಲು ಒಂದು ದಾರಿ ಇದೆ. ಚಿಪ್‌ನ ಬೆನ್ನ ಮೇಲೆ ಲೇಸರ್‌ನಿಂದ ಸಣ್ಣ ಅಕ್ಷರ, ಅಂಕಿ ಕೆತ್ತಿರುತ್ತಾರೆ. ಕಂಪನಿ ಗುರುತು, ಮಾದರಿ ಸಂಖ್ಯೆ, ಜೊತೆಗೆ ಹೆಚ್ಚಾಗಿ ತಯಾರಾದ ವರ್ಷ ಮತ್ತು ವಾರ. ಉದಾಹರಣೆಗೆ 2231 ಎಂದಿದ್ದರೆ 2022ನೇ ಇಸವಿಯ 31ನೇ ವಾರ ಎಂದರ್ಥ. ಔಷಧಿ ಸ್ಟ್ರಿಪ್ ಮೇಲೆ ಬ್ಯಾಚ್ ನಂಬರ್, ತಯಾರಾದ ತಿಂಗಳು ಇರುವ ಹಾಗೆ.

'ಕಾನ್‌ಫ್ಲಿಕ್ಟ್ ಆರ್ಮಮೆಂಟ್ ರಿಸರ್ಚ್' ಎಂಬ ಬ್ರಿಟನ್ ಸಂಸ್ಥೆಯ ತಂಡ ಉಕ್ರೇನಿಗೆ ಹೋಗಿ ಅವಶೇಷಗಳನ್ನು ನೇರವಾಗಿ ಪರೀಕ್ಷಿಸುತ್ತದೆ. 2022ರ ನವೆಂಬರ್‌ನಲ್ಲಿ ಕೀವ್ ಮೇಲೆ ಬಿದ್ದ ಕೆಎಚ್-101 ಕ್ಷಿಪಣಿಗಳ ಮೇಲಿನ ಗುರುತುಗಳನ್ನು ಅವರು ನೋಡಿದಾಗ, ನಿರ್ಬಂಧ ಬಿಗಿಯಾಗಿ ಕೆಲವು ತಿಂಗಳಾದ ಮೇಲೆ ತಯಾರಾದ ಕ್ಷಿಪಣಿಗಳು ಅವು ಎಂದು ಗೊತ್ತಾಯಿತು. ಆಮೇಲೆ ಸಿಕ್ಕ ಅವಶೇಷಗಳಲ್ಲಿ ಯುದ್ಧ ಶುರುವಾದ ಮೇಲೆ ತಯಾರಾದ ಚಿಪ್‌ಗಳೇ ಇದ್ದವು. ಅಂದರೆ ಹೊಸ ಮಾಲು ಬರುತ್ತಲೇ ಇತ್ತು.

ರಫ್ತು ನಿಯಂತ್ರಣ ಅಂದರೇನು?

ಬಂದೂಕು, ಟ್ಯಾಂಕ್ ಮಾರಲು ಸರ್ಕಾರದ ಅನುಮತಿ ಬೇಕೆನ್ನುವುದು ಎಲ್ಲರಿಗೂ ಗೊತ್ತು. ತೊಂದರೆ ಇರುವುದು ಎರಡೂ ಕಡೆ ಬಳಕೆಯಾಗುವ ವಸ್ತುಗಳಲ್ಲಿ. ಒಂದೇ ಜಿಪಿಎಸ್ ಚಿಪ್ ಟ್ರಾಕ್ಟರಿಗೂ ಆಗುತ್ತದೆ, ಕ್ಷಿಪಣಿಗೂ ಆಗುತ್ತದೆ. ಒಂದೇ ಲೇತ್ ಯಂತ್ರ ಪಂಪ್‌ಸೆಟ್ ಭಾಗವನ್ನೂ ಕೊರೆಯುತ್ತದೆ, ಬಾಂಬಿನ ಕವಚವನ್ನೂ ಕೊರೆಯುತ್ತದೆ.

ಇಂಥ ವಸ್ತುಗಳ ಪಟ್ಟಿ ಮಾಡಿ, ಮಾರುವಾಗ ಎಚ್ಚರ ವಹಿಸಲು ದೇಶಗಳು ಮಾಡಿಕೊಂಡ ಒಪ್ಪಂದಗಳಿವೆ. ಅವುಗಳಲ್ಲಿ ಮುಖ್ಯವಾದದ್ದು 1996ರ ವಾಸ್ಸೆನಾರ್ ಒಪ್ಪಂದ. 2017ರ ಡಿಸೆಂಬರ್‌ನಲ್ಲಿ ಭಾರತ ಇದರ 42ನೇ ಸದಸ್ಯ ಆಯಿತು. ತಮಾಷೆ ಎಂದರೆ ರಷ್ಯಾ ಕೂಡ ಇದರ ಸದಸ್ಯ, ಚೀನಾ ಅಲ್ಲ.

2022ರ ಫೆಬ್ರವರಿ 24ರಂದು ಯುದ್ಧ ಶುರುವಾದ ಕೂಡಲೇ ಅಮೆರಿಕ, ಯುರೋಪಿಯನ್ ಒಕ್ಕೂಟ, ಬ್ರಿಟನ್, ಜಪಾನ್ ಮುಂತಾದವು ರಷ್ಯಾಕ್ಕೆ ಹೋಗುವ ತಂತ್ರಜ್ಞಾನದ ಮೇಲೆ ಇನ್ನೂ ಬಿಗಿಯಾದ ನಿಯಮ ತಂದವು. ಆದರೆ ಕ್ಷಿಪಣಿಯಲ್ಲಿ ಸಿಕ್ಕ ಚಿಪ್‌ಗಳಲ್ಲಿ ಎಷ್ಟೋ ಭಾಗ ಅಷ್ಟರವರೆಗೆ ಯಾವ ವಿಶೇಷ ಪಟ್ಟಿಯಲ್ಲೂ ಇರದ ಸಾದಾ ಸರಕು. ಹಾಗಾಗಿ ಆಮೇಲೆ ಈ ದೇಶಗಳು ಅವಶೇಷಗಳಲ್ಲಿ ಏನೇನು ಸಿಗುತ್ತಿದೆ ಎಂದು ನೋಡಿಕೊಂಡೇ ಒಂದು ಸಾಮಾನ್ಯ ಪಟ್ಟಿ ಮಾಡಿದವು. ಕಸ್ಟಮ್ಸ್ ಬಳಸುವ 50 ಸರಕು ಸಂಕೇತಗಳು ಅದರಲ್ಲಿವೆ. ಚಿಪ್‌ಗಳಿಗೆ ಅದರಲ್ಲಿ ಮೊದಲ ಸ್ಥಾನ. ಬೇರಿಂಗ್, ಕನೆಕ್ಟರ್, ಕೆಪಾಸಿಟರ್, ಕಂಪ್ಯೂಟರ್ ಚಾಲಿತ ಲೇತ್‌ಗಳೂ ಸೇರಿವೆ.

ಹಾಗಾದರೆ ದಾಟುವುದು ಹೇಗೆ?

ಇದನ್ನು ಅರ್ಥ ಮಾಡಿಕೊಳ್ಳಲು ಯೂರಿಯಾ ನೆನಪಿಸಿಕೊಳ್ಳಿ. ಸಬ್ಸಿಡಿ ಯೂರಿಯಾ ಇರುವುದು ರೈತನಿಗೆ. ಆದರೆ ಪ್ಲೈವುಡ್‌ಗೆ ಬೇಕಾದ ಅಂಟು ಮಾಡಲೂ ಯೂರಿಯಾ ಬೇಕು. ಬಿಲ್ ರೈತನ ಹೆಸರಿನಲ್ಲಿ, ಚೀಲ ಕಾರ್ಖಾನೆಗೆ, ಇಂಥ ಸಾಗಾಟ ತಡೆಯಲೆಂದೇ 2015ರಲ್ಲಿ ಬೇವಿನ ಲೇಪನ ಕಡ್ಡಾಯವಾಯಿತು. ಇಲ್ಲಿ ಗೊಬ್ಬರ ತಯಾರಿಸಿದವನು ಕಳ್ಳನಲ್ಲ, ಲಾರಿ ಚಾಲಕನಿಗೂ ಗೊತ್ತಿರಲಿಕ್ಕಿಲ್ಲ. ನಡುವಿನ ಒಂದು ಕೊಂಡಿಯಲ್ಲಿ ದಾರಿ ತಪ್ಪುತ್ತದೆ. ಚಿಪ್ ವಿಷಯವೂ ಹಾಗೇ. ಆದರೆ ಚಿಪ್‌ಗೆ ಬೇವಿನ ಲೇಪನ ಹಾಕಲು ಬರುವುದಿಲ್ಲ.

ಒಂದು ಚಿಪ್‌ನ ದಾರಿ ಸಾಮಾನ್ಯವಾಗಿ ಹೀಗಿರುತ್ತದೆ:

1. ಅಮೆರಿಕದ ಕಂಪನಿ ವಿನ್ಯಾಸ ಮಾಡುತ್ತದೆ. ತಯಾರಿಕೆ ತೈವಾನ್‌ನಲ್ಲೋ, ಪ್ಯಾಕಿಂಗ್ ಮಲೇಷ್ಯಾದಲ್ಲೋ ಆಗಬಹುದು.

2. ಕಂಪನಿ ತನ್ನ ಅಧಿಕೃತ ವಿತರಕರಿಗೆ ಮಾರುತ್ತದೆ. ಇಲ್ಲಿಯವರೆಗೆ ಎಲ್ಲ ಸರಿ.

3. ವಿತರಕರಿಂದ ಸಣ್ಣ ವ್ಯಾಪಾರಿ ಕೊಳ್ಳುತ್ತಾನೆ, ಅವನಿಂದ ಇನ್ನೊಬ್ಬ. ಉಳಿಕೆ ಮಾಲು, ತುರ್ತು ಮಾಲು ಮಾರುವ ಸ್ವತಂತ್ರ ದಲ್ಲಾಳಿಗಳ ದೊಡ್ಡ ಮಾರುಕಟ್ಟೆಯೇ ಇದೆ.

4. ಮಾಲು ಹಾಂಗ್‌ಕಾಂಗ್, ಚೀನಾ, ಟರ್ಕಿ, ಅರಬ್ ಎಮಿರೇಟ್ಸ್‌ನಂಥ ಕಡೆ ಇರುವ ಒಂದು ಕಂಪನಿಗೆ ತಲುಪುತ್ತದೆ. ಎಷ್ಟೋ ಸಲ ಅದು ಯುದ್ಧ ಶುರುವಾದ ಮೇಲೆ ನೋಂದಣಿಯಾದ, ಒಂದು ವಿಳಾಸ ಬಿಟ್ಟರೆ ಇನ್ನೇನೂ ಇಲ್ಲದ ಕಂಪನಿ.

5. ಅಲ್ಲಿಂದ ರಷ್ಯಾದ ಆಮದುದಾರನಿಗೆ, ಅವನಿಂದ ಶಸ್ತ್ರಾಸ್ತ್ರ ಕಾರ್ಖಾನೆಗೆ.

ಮೂರನೇ ಮತ್ತು ನಾಲ್ಕನೇ ಹೆಜ್ಜೆಯ ನಡುವೆ ನಾನಾ ಉಪಾಯಗಳಿವೆ. ಕೊನೆಯ ಬಳಕೆದಾರ ಆಟೊಮೊಬೈಲ್ ಕಂಪನಿ ಎಂದು ಸುಳ್ಳು ಪತ್ರ ಬರೆಯುವುದು. ನಿಷೇಧಿತ ಸರಕಿಗೆ ಬೇರೆ ಸಂಕೇತ ಹಾಕುವುದು. ದೊಡ್ಡ ಆರ್ಡರನ್ನು ಕಣ್ಣಿಗೆ ಬೀಳದಷ್ಟು ಚಿಕ್ಕ ಚಿಕ್ಕ ಪಾರ್ಸೆಲ್ ಮಾಡುವುದು. "ಇದು ಕಜಕಸ್ತಾನಕ್ಕೆ ಹೋಗುತ್ತಿದೆ, ರಷ್ಯಾ ಬರೀ ದಾರಿ" ಎಂದು ಕಾಗದ ಮಾಡಿ, ದಾರಿಯಲ್ಲೇ ಇಳಿಸಿಬಿಡುವುದು. ಕಜಕಸ್ತಾನ, ಕಿರ್ಗಿಸ್ತಾನ, ಅರ್ಮೇನಿಯಾ ಇವು ರಷ್ಯಾ ಜೊತೆ ಒಂದೇ ಸುಂಕ ಒಕ್ಕೂಟದಲ್ಲಿವೆ. ಹಾಗಾಗಿ ಒಮ್ಮೆ ಅಲ್ಲಿಗೆ ಬಂದ ಸರಕು ಮುಂದೆ ಹೋಗಲು ಕಸ್ಟಮ್ಸ್ ತಪಾಸಣೆ ಅಡ್ಡ ಬರುವುದಿಲ್ಲ.

ಇದು ಬರೀ ಊಹೆಯಲ್ಲ, ನ್ಯಾಯಾಲಯದಲ್ಲಿ ಬಂದ ಸಂಗತಿ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ನೋಂದಣಿಯಾಗಿದ್ದ ಎರಡು ಕಂಪನಿಗಳ ಮೂಲಕ ಚಿಪ್ ಸಾಗಿಸಿದ ಆರೋಪದಲ್ಲಿ 2023ರ ಅಕ್ಟೋಬರ್ ಕೊನೆಯಲ್ಲಿ ಮೂವರ ಬಂಧನವಾಯಿತು. ಒಂದು ವರ್ಷದಲ್ಲಿ ಸುಮಾರು 300 ಸಾಗಣೆ, 70 ಲಕ್ಷ ಡಾಲರ್‌ಗೂ ಹೆಚ್ಚಿನ ಮಾಲು. ಟರ್ಕಿ, ಹಾಂಗ್‌ಕಾಂಗ್, ಚೀನಾ, ಎಮಿರೇಟ್ಸ್ ಮಾತ್ರವಲ್ಲ, ಭಾರತದ ವಿಳಾಸಗಳನ್ನೂ ಈ ದಾರಿಗೆ ಬಳಸಿಕೊಂಡಿದ್ದರೆಂದು ಅಮೆರಿಕ ಸರ್ಕಾರ ಹೇಳಿತು. ಅವರು ಕಳಿಸಿದ ಮಾದರಿಯ ಕೆಲವು ಭಾಗಗಳು ಓರ್ಲಾನ್-10 ಡ್ರೋನ್, ಕೆಎ-52 ಹೆಲಿಕಾಪ್ಟರ್, ಟಿ-72ಬಿ3 ಟ್ಯಾಂಕ್‌ಗಳಲ್ಲಿ ಸಿಕ್ಕಿದ್ದವು. ಆಮೇಲೆ ಆರೋಪಿಗಳು ತಪ್ಪೊಪ್ಪಿಕೊಂಡರು.

ಈ ತಂತ್ರ ಹೊಸದೇನಲ್ಲ. 2003ರ ಅಕ್ಟೋಬರ್‌ನಲ್ಲಿ ಲಿಬಿಯಾಕ್ಕೆ ಹೊರಟಿದ್ದ 'ಬಿಬಿಸಿ ಚೈನಾ' ಎಂಬ ಹಡಗನ್ನು ಇಟಲಿಯ ಬಂದರಿಗೆ ತಿರುಗಿಸಿ ತಪಾಸಣೆ ಮಾಡಿದಾಗ ಯುರೇನಿಯಂ ಸಂಸ್ಕರಿಸುವ ಯಂತ್ರದ ಭಾಗಗಳು ಸಿಕ್ಕಿದ್ದವು. ಮಲೇಷ್ಯಾದ ಕಾರ್ಖಾನೆಯಲ್ಲಿ ತಯಾರಾಗಿ ದುಬೈ ಮೂಲಕ ಹೊರಟಿದ್ದ ಮಾಲು ಅದು. ಪಾಕಿಸ್ತಾನದ ವಿಜ್ಞಾನಿ ಎ.ಕ್ಯೂ. ಖಾನ್ ಜಾಲ ಬಯಲಾಗಲು ಈ ಹಡಗು ಒಂದು ಮುಖ್ಯ ಕಾರಣ.

ಕಂಪನಿಗಳಿಗೆ ಗೊತ್ತಿರುವುದಿಲ್ಲವೇ?

"ನಾವು ರಷ್ಯಾಕ್ಕೆ ಮಾರಾಟ ನಿಲ್ಲಿಸಿದ್ದೇವೆ, ವಿತರಕರಿಗೂ ತಾಕೀತು ಮಾಡಿದ್ದೇವೆ" ಎನ್ನುವುದು ದೊಡ್ಡ ಕಂಪನಿಗಳ ಉತ್ತರ. ದೊಡ್ಡ ಕಂಪನಿಗಳು ನೇರವಾಗಿ ರಷ್ಯಾದ ಸೇನೆಗೆ ಚಿಪ್ ಮಾರುತ್ತಿವೆ ಎಂಬುದಕ್ಕೆ ಪುರಾವೆ ಬಂದಿಲ್ಲ. ಹಾಗಾಗಿ ಎರಡನೇ ಫಾರ್ವರ್ಡ್ ಕೂಡ ಇದ್ದ ಹಾಗೆ ನಂಬುವಂಥದ್ದಲ್ಲ.

ಹಾಗೆಂದು ಅವರ ಹೊಣೆ ಮುಗಿಯಿತೆಂದೂ ಅಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೆನೆಟ್ ಉಪಸಮಿತಿ ನಾಲ್ಕು ದೊಡ್ಡ ಚಿಪ್ ಕಂಪನಿಗಳ ಪ್ರತಿನಿಧಿಗಳನ್ನು ಕೂರಿಸಿ ಕೇಳಿದ್ದು ಇದನ್ನೇ: ಮೊದಲ ವಿತರಕನ ಆಚೆ ನಿಮ್ಮ ಮಾಲು ಎಲ್ಲಿ ಹೋಗುತ್ತದೆಂದು ನೋಡುತ್ತೀರಾ? ಸಾಮಾನ್ಯ ಚಿಪ್‌ಗೆ ಮೊಬೈಲ್‌ಗಿರುವ ಹಾಗೆ ಒಂದೊಂದಕ್ಕೂ ಬೇರೆ ನಂಬರ್ ಇರುವುದಿಲ್ಲ. ಸಾವಿರಾರು ಚಿಪ್‌ಗೆ ಒಂದೇ ಬ್ಯಾಚ್ ಗುರುತು. 2021ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಚಿಪ್‌ಗಳ ಸಂಖ್ಯೆ ಒಂದು ಲಕ್ಷ ಕೋಟಿಗೂ ಹೆಚ್ಚು. ಒಂದು ದೇಶದ ಕ್ಷಿಪಣಿಗಳಿಗೆ ಬೇಕಾಗುವುದು ಅದರ ಕಣದಷ್ಟು ಪಾಲು. ಕೆಲವು ಸೂಟ್‌ಕೇಸ್‌ಗಳಲ್ಲಿ ಹಿಡಿಸುವಷ್ಟು ಮಾಲು ಎಷ್ಟೋ ಡ್ರೋನ್‌ಗಳಿಗೆ ಸಾಕು. ಗೋಡೌನ್ ತುಂಬುವ ಸರಕನ್ನು ಹಿಡಿಯುವುದಕ್ಕಿಂತ ಇದನ್ನು ಹಿಡಿಯುವುದು ಬಹಳ ಕಷ್ಟ.

ಹಾಗಾದರೆ ನಿರ್ಬಂಧ ದಂಡವೇ?

ಕೀವ್ ಸ್ಕೂಲ್ ಆಫ್ ಎಕನಾಮಿಕ್ಸ್ ಲೆಕ್ಕದಂತೆ 2023ರ ಮೊದಲ ಹತ್ತು ತಿಂಗಳಲ್ಲಿ ಯುದ್ಧಕ್ಕೆ ಬೇಕಾದ ಪಟ್ಟಿಯ ಸರಕುಗಳ ರಷ್ಯಾ ಆಮದು ನಿರ್ಬಂಧಕ್ಕೆ ಮುಂಚಿನದ್ದಕ್ಕೆ ಹೋಲಿಸಿದರೆ ಸುಮಾರು ಶೇ 10ರಷ್ಟು ಮಾತ್ರ ಕಡಿಮೆಯಾಗಿತ್ತು. ಪೂರ್ತಿ ತಡೆ ಆಗಿಲ್ಲ ಎನ್ನುವುದು ಸ್ಪಷ್ಟ.

ಆದರೆ ಸುತ್ತು ದಾರಿಗೆ ಬೆಲೆ ಇದೆ. ಪ್ರತಿ ದಲ್ಲಾಳಿಗೂ ಕಮಿಷನ್, ಪ್ರತಿ ಕೈ ಬದಲಾವಣೆಗೂ ದಿನಗಳು, ಜೊತೆಗೆ ನಕಲಿ ಮಾಲಿನ ಭಯ. ಒಂದು ದಾರಿ ಮುಚ್ಚಿದರೆ ಇನ್ನೊಂದು ತೆರೆಯಬೇಕು. ಉದಾಹರಣೆಗೆ 2023ರ ಮಾರ್ಚ್‌ನಲ್ಲಿ ಟರ್ಕಿ ತನ್ನ ಮೂಲಕ ನಿರ್ಬಂಧಿತ ಸರಕು ಹಾದುಹೋಗುವುದನ್ನು ನಿಲ್ಲಿಸಿತು. 2024ರ ಮಾರ್ಚ್‌ನಿಂದ ಯುರೋಪಿನ ರಫ್ತುದಾರರು ಕೆಲವು ಸರಕುಗಳ ಒಪ್ಪಂದದಲ್ಲಿ "ರಷ್ಯಾಕ್ಕೆ ಮರುಮಾರಾಟ ಮಾಡುವಂತಿಲ್ಲ" ಎಂಬ ಷರತ್ತು ಬರೆಯಲೇಬೇಕು. ನಿರ್ಬಂಧ ಬಾಗಿಲಿಗೆ ಹಾಕಿದ ಬೀಗ ಅನ್ನುವುದಕ್ಕಿಂತ ರಸ್ತೆಯಲ್ಲಿ ಹಾಕಿದ ಹಂಪ್ ಎಂದುಕೊಳ್ಳಿ. ಗಾಡಿ ನಿಲ್ಲುವುದಿಲ್ಲ, ನಿಧಾನವಾಗುತ್ತದೆ.

ನಮಗೂ ಇದಕ್ಕೂ ಏನು ಸಂಬಂಧ?

ಸಂಬಂಧ ಇದೆ. 2024ರ ಫೆಬ್ರವರಿಯಲ್ಲಿ ಯುರೋಪಿಯನ್ ಒಕ್ಕೂಟ ಹೊರಡಿಸಿದ ಪಟ್ಟಿಯಲ್ಲಿ ಬೆಂಗಳೂರಿನ ಒಂದು ಕಂಪನಿಯ ಹೆಸರೂ ಇತ್ತು. ಅದೇ ವರ್ಷ ಅಕ್ಟೋಬರ್ 30ರಂದು ಅಮೆರಿಕ ಸುಮಾರು 400 ಸಂಸ್ಥೆ, ವ್ಯಕ್ತಿಗಳ ಮೇಲೆ ನಿರ್ಬಂಧ ಹಾಕಿದಾಗ ಭಾರತದ 19 ಕಂಪನಿಗಳು ಅದರಲ್ಲಿದ್ದವು. ಈ ವ್ಯವಹಾರಗಳು ಭಾರತದ ಕಾನೂನು ಉಲ್ಲಂಘಿಸಿಲ್ಲ ಎಂಬುದು ನಮ್ಮ ತಿಳುವಳಿಕೆ ಎಂದು ಭಾರತದ ವಿದೇಶಾಂಗ ಸಚಿವಾಲಯ ಉತ್ತರಿಸಿತು.

ಇಲ್ಲಿ ಒಂದು ವ್ಯತ್ಯಾಸ ಗೊತ್ತಿರಬೇಕು. ವಿಶ್ವಸಂಸ್ಥೆ ಹಾಕಿದ ನಿರ್ಬಂಧವನ್ನು ಭಾರತ ಪಾಲಿಸುತ್ತದೆ. ಅಮೆರಿಕ ಅಥವಾ ಯುರೋಪ್ ತಾವಾಗಿಯೇ ಹಾಕಿದ್ದನ್ನು ಪಾಲಿಸಬೇಕೆಂದು ಒಪ್ಪಿಲ್ಲ. ಆದರೆ ನಮಗೂ ಸ್ವಂತ ರಫ್ತು ನಿಯಂತ್ರಣ ಇದೆ. 'ಸ್ಕೋಮೆಟ್' ಎಂಬ ಪಟ್ಟಿಯಲ್ಲಿರುವ ವಸ್ತು, ತಂತ್ರಜ್ಞಾನವನ್ನು ಹೊರಗೆ ಕಳಿಸಲು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಅನುಮತಿ ಬೇಕು. ಅನುಮತಿ ಇಲ್ಲದೆ ಕಳಿಸಿದರೆ ಶಿಕ್ಷೆ ಇದೆ. ಇನ್ನು ಅಮೆರಿಕದ ಪಟ್ಟಿಗೆ ಹೆಸರು ಸೇರಿದರೆ ಭಾರತದ ಕಾನೂನಿನಲ್ಲಿ ತಪ್ಪಿಲ್ಲದಿದ್ದರೂ ಡಾಲರ್ ವ್ಯವಹಾರ ಮಾಡಲು ಬ್ಯಾಂಕ್‌ಗಳು ಹಿಂಜರಿಯುತ್ತವೆ. ಸಣ್ಣ ಕಂಪನಿಗೆ ಅಷ್ಟು ಸಾಕು ಮುಳುಗಲು.

ಹಾಗಾಗಿ ನೀವೋ ನಿಮ್ಮ ಪರಿಚಯದವರೋ ಎಲೆಕ್ಟ್ರಾನಿಕ್ ಬಿಡಿಭಾಗ, ಯಂತ್ರ, ಡ್ರೋನ್ ಸಾಮಾನಿನ ವ್ಯಾಪಾರದಲ್ಲಿದ್ದರೆ ಈ ಲಕ್ಷಣಗಳನ್ನು ಗಮನಿಸಿ:

– ಗಿರಾಕಿ ಕಂಪನಿ ಹೊಸದು, ವೆಬ್‌ಸೈಟ್ ಇಲ್ಲ, ಹಿಂದಿನ ವ್ಯವಹಾರದ ಗುರುತಿಲ್ಲ.

– ಕೊಳ್ಳುವ ವಸ್ತುವಿಗೂ ಅವರ ವ್ಯಾಪಾರಕ್ಕೂ ತಾಳೆ ಇಲ್ಲ. ಉದಾಹರಣೆಗೆ ಬಟ್ಟೆ ವ್ಯಾಪಾರಿ ಜಿಪಿಎಸ್ ಚಿಪ್ ಕೇಳುವುದು.

– "ಯಾವುದಕ್ಕೆ ಬಳಸುತ್ತೀರಿ?" ಎಂದರೆ ಉತ್ತರ ಇಲ್ಲ, ಅಥವಾ ಮಾತು ಮರೆಸುತ್ತಾರೆ.

– ಮಾಲು ತಲುಪಿಸುವ ಕೊನೆಯ ವಿಳಾಸ ಬರೀ ಸಾಗಣೆ ಕಂಪನಿಯದು.

– ಆರ್ಡರ್ ಒಂದು ದೇಶದಿಂದ, ಹಣ ಇನ್ನೊಂದು ದೇಶದಿಂದ.

– ಮಾರುಕಟ್ಟೆ ದರಕ್ಕಿಂತ ಹೆಚ್ಚು ಕೊಡಲು ಸಿದ್ಧ, ಚೌಕಾಸಿಯೇ ಇಲ್ಲ.

– ಡಬ್ಬದ ಮೇಲಿನ ಹೆಸರು ಬದಲಿಸಿ ಎಂದು ಕೇಳುವುದು.

ಇವುಗಳಲ್ಲಿ ಒಂದು ಇದ್ದ ಮಾತ್ರಕ್ಕೆ ಗಿರಾಕಿ ಕಳ್ಳ ಎಂದಲ್ಲ. ಎರಡು ಮೂರು ಸೇರಿದರೆ ಮಾಲು ಕಳಿಸುವ ಮುನ್ನ ಕೊನೆಯ ಬಳಕೆದಾರನ ಲಿಖಿತ ಪತ್ರ ಕೇಳಿ, ಗೊತ್ತಿರುವವರ ಸಲಹೆ ಪಡೆಯಿರಿ.

ಫಾರ್ವರ್ಡ್ ಮಾಡುವ ಮುನ್ನ

"ಕ್ಷಿಪಣಿಯಲ್ಲಿ ಇಂಥ ಕಂಪನಿಯ ಚಿಪ್ ಸಿಕ್ಕಿದೆ" ಎಂಬ ಫೋಟೋ ಬಂದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಚಿಪ್ ತಯಾರಾದದ್ದು ಯಾವಾಗ? ಯುದ್ಧಕ್ಕೆ ಮುಂಚಿನದಾದರೆ ಅದು ನಿರ್ಬಂಧ ಮುರಿದದ್ದರ ಪುರಾವೆ ಆಗುವುದಿಲ್ಲ. ಅದರ ಮೇಲಿನ ಹೆಸರು ಅಸಲಿಯೇ? ಹಳೇ ಚಿಪ್ ಮೇಲೆ ಹೊಸ ಹೆಸರು ಅಚ್ಚು ಹಾಕುವ ದಂಧೆಯೂ ಇದೆ. ತಯಾರಿಸಿದವರೇ ಮಾರಿದರೋ, ನಡುವಿನವರು ಮಾರಿದರೋ? ಬರೀ ಚಿಪ್ ಮೇಲಿನ ಹೆಸರು ನೋಡಿ ಇದನ್ನು ಹೇಳಲಾಗದು.

ವಾಷಿಂಗ್ ಮೆಷಿನ್ ಕತೆ ಕೇಳಿದರೆ ಶತ್ರು ದಿವಾಳಿಯಾಗಿದ್ದಾನೆ ಎಂಬ ಸಮಾಧಾನ. "ಎಲ್ಲ ನಾಟಕ" ಎಂಬ ಕತೆ ಕೇಳಿದರೆ ಏನು ಮಾಡಿದರೂ ಉಪಯೋಗವಿಲ್ಲ ಎಂಬ ಸಮಾಧಾನ. ವಾಸ್ತವ ಎರಡಕ್ಕಿಂತ ಸಪ್ಪೆ. ಕೆಲವು ರೂಪಾಯಿಯ ಒಂದು ಚಿಪ್ ಹತ್ತು ಕೈ ದಾಟಿ ಹೋಗುತ್ತದೆ, ಅದರಲ್ಲಿ ಒಂಬತ್ತು ಕೈಗಳು ತಮ್ಮ ಮಾಮೂಲಿ ಕೆಲಸ ಮಾಡುತ್ತಿರುತ್ತವೆ. ಆ ಹತ್ತರಲ್ಲಿ ಯಾರಾದರೂ ಒಬ್ಬರು "ಇದು ಕೊನೆಗೆ ಯಾರಿಗೆ?" ಎಂದು ಕೇಳಿ, ಉತ್ತರ ಬರುವತನಕ ಮಾಲು ಕಳಿಸದೇ ನಿಂತರೆ, ಆ ಚಿಪ್‌ನ ದಾರಿ ಅಲ್ಲಿಗೆ ನಿಲ್ಲುತ್ತದೆ.